ಒಳಗೆ, ವರೆಗೆ: ಜರ್ಮನ್ನರಿಗೆ ಇಂಗ್ಲಿಷ್ ಕಲಿಸಿದ ನನ್ನ ಅನುಭವ

"ಅಲ್ರೀ, ಜರ್ಮನ್ನರಿಗೆ ಇಂಗ್ಲಿಷ್ ಹೇಳಿಕೊಡೋಕೆ ಕನ್ನಡ ಯಾಕ್ರೀ ಬೇಕು?" ಅಂತ ಸ್ಟುಟ್‌ಗಾರ್ಟಿನ ಗೆಳತಿ ಕೇಳಿದ್ದು ಇನ್ನೂ ನೆನಪಿದೆ. ಆಗ ನಾನು ಸಂಜೆ ತರಗತಿ ನಡೆಸುತ್ತಿದ್ದ ಸಂಸ್ಥೆಯವರು ಅಷ್ಟೂ ಕೇಳಲಿಲ್ಲ, ಪಾಠದಲ್ಲಿ ಕನ್ನಡ ಬೇಡ ಅಂದುಬಿಟ್ಟರು. ಅದಾಗಿ ಮೂರು ವರ್ಷ. ಈಗ ಧೈರ್ಯವಾಗಿ ಬರೆಯಬಹುದು.

ಇಂಗ್ಲಿಷಿನ ಬಿಕಮ್ ('ಆಗು') ಮತ್ತು ಜರ್ಮನ್ನಿನ ಬೆಕೊಮೆನ್ ('ಪಡೆ'), ಜರ್ಮನ್ನಿನಲ್ಲಿ ಗಿಫ್ಟ್ ಅಂದರೆ ವಿಷ, ಇವೆಲ್ಲ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಒಂದು ಸಲ ತರಗತಿ ನಕ್ಕರೆ ಮುಗಿಯಿತು, ಮರೆಯುವುದಿಲ್ಲ. ಇವೆಂಚುವಲಿ ಸ್ವಲ್ಪ ಗಟ್ಟಿ ಕಾಯಿ. ಜರ್ಮನ್ನಿನ ಏವೆಂಟುಯೆಲ್ ಅಂದರೆ 'ಆದರೂ ಆಗಬಹುದು', ಇಂಗ್ಲಿಷಿನದು 'ಕೊನೆಗೆ ಆಗೇ ಆಗುತ್ತದೆ'. ನನ್ನ ವಿದ್ಯಾರ್ಥಿಯೊಬ್ಬರು ಇವೆಂಚುವಲಿ ಬರುತ್ತೇನೆ ಅಂತ ಪುಣೆಗೆ ಬರೆದರು, ಅಲ್ಲಿನವರು ಬಂದೇ ಬರುತ್ತಾರೆ ಅಂತ ಹೋಟೆಲ್ ಬುಕ್ ಮಾಡಿ ಕಾದರು. ಆ ದಿನದಿಂದ ಅವರೂ ತಪ್ಪು ಮಾಡಿಲ್ಲ.

ನನ್ನನ್ನು ಸೋಲಿಸಿದ್ದು ಬೇರೆ ಜಾತಿಯ ಪದಗಳು. ಜರ್ಮನ್ನಿನಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಎರಡು. ಬಿಸ್ ಒಂದೇ, ಇಲ್ಲಿ ಬೈ ಮತ್ತು ಅಂಟಿಲ್. ಲೈಯನ್ ಒಂದೇ, ಇಲ್ಲಿ ಲೆಂಡ್ ಮತ್ತು ಬಾರೋ. ಇಲ್ಲಿ ನಗುವುದಕ್ಕೆ ಏನೂ ಇಲ್ಲ, ಹಾಗಾಗಿ ನೆನಪೂ ಉಳಿಯುವುದಿಲ್ಲ.

ಮೊದಲ ವರ್ಷ ಎರಡನ್ನೂ ಒಂದೇ ದಿನ, ಅಕ್ಕಪಕ್ಕ ಬರೆದು ಕಲಿಸಿದೆ. ಬಣ್ಣದ ಕಾರ್ಡು ಮಾಡಿಸಿ ಲ್ಯಾಮಿನೇಟ್ ಮಾಡಿಸಿದ್ದಕ್ಕೆ ಹೆಚ್ಚು ಕಡಿಮೆ 180 ಯೂರೋ ಹೋಯಿತು. ಎರಡು ವಾರ ಬಿಟ್ಟು ಪರೀಕ್ಷೆ ಕೊಟ್ಟರೆ ಎಂಟು ಜನರಲ್ಲಿ ಐದು ಮಂದಿ ಪೂರ್ತಿ ಅದಲು ಬದಲು ಮಾಡಿದ್ದರು. ಜೊತೆಯಲ್ಲಿ ಕಲಿತದ್ದು ಜೊತೆಯಲ್ಲೇ ಗೋಜಲಾಗುತ್ತದೆ. 'ಶ್ಪೇಟೆಸ್ಟೆನ್ಸ್ (ತಡವೆಂದರೆ) ಸೇರಿಸಲು ಬಂದರೆ ಬೈ' ಎಂಬ ಹಳೆಯ ಸೂತ್ರವನ್ನೂ ಕೊಟ್ಟೆ. ಬರೆಯುವಾಗ ಪರವಾಗಿಲ್ಲ, ಮಾತಾಡುವಾಗ ಅಷ್ಟು ಪುರಸೊತ್ತು ಯಾರಿಗಿದೆ? ಆ ಚಳಿಗಾಲ ಮೂವರು ಬಿಟ್ಟು ಹೋದರು. ಗಂಟೆಗೆ 30 ಯೂರೋ ಲೆಕ್ಕದಲ್ಲಿ ತಿಂಗಳಿಗೆ ಮುನ್ನೂರರ ಮೇಲೆ ಖೋತಾ.

ದಾರಿ ಸಿಕ್ಕಿದ್ದು ವಿದ್ಯಾರ್ಥಿಯೊಬ್ಬರ ಮೇಲ್ ತಿದ್ದುವಾಗ. 'ನಕ್ಷೆಗಳನ್ನು ಅಂಟಿಲ್ ಫ್ರೈಡೇ ಕಳಿಸಿ' ಅಂತ ಬರೆದಿದ್ದರು. ಓದುವಾಗ ನನ್ನ ತಲೆಯಲ್ಲಿ 'ಶುಕ್ರವಾರದವರೆಗೆ ಕಳಿಸುತ್ತಲೇ ಇರಿ' ಅಂತ ಕೇಳಿಸಿತು. ಅವರಿಗೆ ಬೇಕಿದ್ದದ್ದು ಶುಕ್ರವಾರದೊಳಗೆ. ನಮ್ಮ ಭಾಷೆ ಈ ಎರಡನ್ನು ಯಾವತ್ತೋ ಬೇರೆ ಮಾಡಿಟ್ಟಿದೆಯಲ್ಲ ಅನ್ನಿಸಿತು.

ಮಾರನೆಯ ತರಗತಿಯಲ್ಲಿ ಐದು ಚೌಕ ಎಳೆದೆ, ಸೋಮವಾರದಿಂದ ಶುಕ್ರವಾರ. 'ಒಳಗೆ' ಅಂದರೆ ಪೆಟ್ಟಿಗೆಯ ಒಳಗೆ ಅಂತ ಹೇಳಿ ಪೆನ್ಸಿಲ್ ಕೊಟ್ಟೆ: ಯಾವ ಚೌಕದಲ್ಲಾದರೂ ಒಂದೇ ಒಂದು ಚುಕ್ಕೆ ಇಡಿ. ಅದು ಬೈ. ಅವತ್ತು ಅಷ್ಟೇ. ಹತ್ತು ದಿನ ಬಿಟ್ಟು 'ವರೆಗೆ': ಪೆನ್ಸಿಲ್ ಎತ್ತದೆ ಶುಕ್ರವಾರದ ತನಕ ಗೆರೆ ಎಳೆಯಿರಿ. ಅದು ಅಂಟಿಲ್. ಐವತ್ತು ದಾಟಿದ ಒಬ್ಬ ಯಂತ್ರ ಎಂಜಿನಿಯರ್ ಮಾತಿನ ಮಧ್ಯೆ ಮೇಜಿನ ಮೇಲೆ ಬೆರಳಿನಿಂದ ಚುಕ್ಕೆ ಇಟ್ಟು "ಒಳಗೆ" ಅಂತ ಗೊಣಗಿ, ಆಮೇಲೆ ಬೈ ಅಂದರು. ನನಗೆ ಕಣ್ಣು ತುಂಬಿತು. ಆ ಗುಂಪಿನ ಏಳು ಜನರಲ್ಲಿ ಆರು ಮಂದಿ ಮೂರು ತಿಂಗಳ ನಂತರವೂ ತಪ್ಪಲಿಲ್ಲ. ಅಷ್ಟು ಒಳ್ಳೆಯ ಫಲ ನಾನು ಬೇರೆ ಯಾರ ತರಗತಿಯಲ್ಲೂ ಕಂಡಿಲ್ಲ. ನಡುವಿನ ಹತ್ತು ದಿನ ಏನು ಮಾಡಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಲೈಯನ್‌ಗೆ ಇನ್ನೂ ಚೆನ್ನಾಗಿ ಕೂತಿತು. ಕಡ ಕೊಡು, ಕಡ ತೆಗೆದುಕೊಳ್ಳು. ಆ 'ಕೊಳ್ಳು' ಇದೆಯಲ್ಲ, ತನಗೋಸ್ಕರ ಅನ್ನುವ ಅರ್ಥ, ಅದೇ ಕೆಲಸವನ್ನು ಜರ್ಮನ್ನಿನಲ್ಲಿ ಜಿಖ್ ('ತನಗೆ') ಎಂಬ ಪದ ಮಾಡುತ್ತದೆ. ನಾನು ನನಗೇ ಲೈಯನ್ ಮಾಡಿಕೊಂಡರೆ ಬಾರೋ, ಬೇರೆಯವರಿಗೆ ಮಾಡಿದರೆ ಲೆಂಡ್. ಒಂದೇ ಪಾಠಕ್ಕೆ ಹಿಡಿದರು.

ಹಾಗಂತ ಕನ್ನಡ ಎಲ್ಲಕ್ಕೂ ಒದಗುವುದಿಲ್ಲ. ಸಿನ್ಸ್ ಮತ್ತು ಫಾರ್‌ಗೆ ಜರ್ಮನ್ನಿನಲ್ಲಿ ಜೈಟ್ ಒಂದೇ. ನಮ್ಮಲ್ಲೂ 2010ರಿಂದ, ಹತ್ತು ವರ್ಷದಿಂದ, ಎರಡಕ್ಕೂ ಅದೇ 'ಇಂದ'. ಅಲ್ಲಿ ಕ್ಯಾಲೆಂಡರ್ ತೋರಿಸಿ ಕಲಿಸುವ ಹಳೆಯ ದಾರಿಯೇ ಗತಿ.

ಉಚ್ಚಾರಣೆಯಲ್ಲೂ ಕೈ ಹಾಕಿದೆ. ಜರ್ಮನ್ನರು ಪದದ ಕೊನೆಯ ಗ, ಡ, ಬಗಳನ್ನು ಕ, ಟ, ಪ ಮಾಡುತ್ತಾರೆ. ಅವರ ಭಾಷೆಯಲ್ಲಿ ಚಕ್ರಕ್ಕೂ ಸಲಹೆಗೂ ಕೇಳಿಸುವುದು ರಾಟ್ ಒಂದೇ. ಹಾಗಾಗಿ ಬ್ಯಾಗ್ ಹೋಗಿ ಬ್ಯಾಕ್ ಆಗುತ್ತದೆ. ನಮ್ಮೂರಿನ ಹಾಗೆ 'ಬ್ಯಾಗು' ಅನ್ನಿಸಿದೆ. ಕೊನೆಯ ಉಕಾರದಿಂದ ಗ ಗಟ್ಟಿಯಾಗಿ ನಿಂತಿತು. ವಾರವಿಡೀ ಬ್ಯಾಗು, ಬೆಡ್ಡು, ಕ್ಯಾಬು ಅನ್ನಿಸಿ, ಆಮೇಲೆ ಉಕಾರವನ್ನು ಮೆಲ್ಲಗೆ ನುಂಗಿಸಿದೆ. ಪ್ರೈಸ್ ಜೋಡಿಯಲ್ಲಿ ಅದೂ ನಡೆಯಲಿಲ್ಲ. ಬೆಲೆ, ಬಹುಮಾನ ಎರಡಕ್ಕೂ ಅವರದು ಪ್ರೈಸ್ ಒಂದೇ ಪದ, ಇಂಗ್ಲಿಷಿನಲ್ಲಿ ವ್ಯತ್ಯಾಸ ಕೊನೆಯ ಸಕಾರದ ಕಂಪನದಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಆ ಕಂಪಿಸುವ ಸಕಾರವೇ ಇಲ್ಲ. ಬಹುಮಾನದ ಸ್ವರವನ್ನು ತುಸು ಎಳೆಯಿರಿ ಅಂದ ಮೇಲೆ ಅರ್ಧದಷ್ಟು ಜನ ಸುಧಾರಿಸಿದರು.

ಸದ್ಯ ಹಿಡಿದಿರುವುದು ಶೇಡ್ ಮತ್ತು ಶ್ಯಾಡೋ. ಅವರಿಗೆ ಶಾಟನ್ ಒಂದೇ, ನಮಗೂ ನೆರಳು ಒಂದೇ. ಹೋದ ಜೂನ್‌ನಲ್ಲಿ ಎಲ್ಲರನ್ನೂ ಮರದ ಕೆಳಗೆ ಕೂರಿಸಿ, ಇದು ಶೇಡ್ ಅಂದೆ. ಒಬ್ಬೊಬ್ಬರಾಗಿ ಬಿಸಿಲಿಗೆ ಹೋಗಿ ತಮ್ಮ ಶ್ಯಾಡೋ ತೋರಿಸಬೇಕಿತ್ತು. ಚಳಿಗಾಲದ ತಂಡಕ್ಕೆ ಟೇಬಲ್ ಲ್ಯಾಂಪಿನಲ್ಲಿ ಇದು ನಡೆಯುತ್ತದೋ ಅಂತ ನೋಡುತ್ತಿದ್ದೇನೆ.