ಕಾಡ್ಗಿಚ್ಚಿನ ಹೊಗೆ ಮತ್ತು ಆಯಿಯ ಉಸಿರು: ನನ್ನ ಅನುಭವ

ನಾಲ್ಕು ದಶಕ ಕಟ್ಟಿಗೆ ಒಲೆಯ ಮುಂದೆ ಕುಳಿತು ಅಡುಗೆ ಮಾಡಿದ ನನ್ನ ಆಯಿಗೆ, ಬೀಡಿ ಸಿಗರೇಟನ್ನು ಎಂದೂ ಮುಟ್ಟದಿದ್ದರೂ, ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇದೆ. ಶಿರಸಿ ಸಮೀಪದ ನಮ್ಮ ಮನೆಯ ಹಿಂದಿನ ಸೊಪ್ಪಿನ ಬೆಟ್ಟಕ್ಕೆ ಮೊದಲ ಬಾರಿ ಬೆಂಕಿ ಬಿದ್ದ ಮಾರ್ಚ್ ತಿಂಗಳಲ್ಲಿ, ನಾನು ಅವಳ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಬಾಗಿಲು ಕಿಟಕಿ ಮುಚ್ಚಿ ನಿಶ್ಚಿಂತನಾಗಿದ್ದೆ. ಒದ್ದೆ ಬಟ್ಟೆ ಕಣ್ಣಿಗೆ ಕಾಣುವ ಬೂದಿಯನ್ನು ತಡೆದೀತೇ ಹೊರತು, ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುವ, 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನಲ್ಲ. ಹೆಂಚಿನ ಸಂದುಗಳಿಂದ ಹೊಗೆ ಒಳಗಿಳಿಯುತ್ತಿತ್ತು. ಸಾಲದ್ದಕ್ಕೆ ಬಚ್ಚಲ ಒಲೆಯೂ ಉರಿಯುತ್ತಿತ್ತು. ಮರುದಿನ ಅಂಗಳದ ಬೂದಿಯನ್ನು ನೀರು ಹಾಕದೆ ಗುಡಿಸಿದೆವು. ಅಂದು ಸಂಜೆ ಆಯಿಗೆ ಒಂದು ಮಾತನ್ನು ಪೂರ್ತಿ ಆಡುವಷ್ಟು ಉಸಿರೂ ಉಳಿದಿರಲಿಲ್ಲ; 108ಕ್ಕೆ ಕರೆ ಮಾಡಬೇಕಾಯಿತು.

ಆಮೇಲಿನ ವರ್ಷಗಳಲ್ಲಿ ಜನವರಿಯಲ್ಲೇ ವೈದ್ಯರನ್ನು ಕಂಡು, ಉಸಿರು ಕಟ್ಟಿದಾಗ ಯಾವ ಇನ್ಹೇಲರನ್ನು ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಮೂಲಕ ಎಷ್ಟು ಬಾರಿ ಕೊಡಬೇಕು, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಎಷ್ಟು ತೋರಿಸಿದರೆ ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಬರೆಸಿಕೊಂಡು ಬರುತ್ತೇನೆ. ಆಮ್ಲಜನಕ ಕೊಡಬೇಕಾಗಿ ಬಂದರೂ ಅವಳಂಥವರಿಗೆ ಆಕ್ಸಿಮೀಟರಿನ ಅಂಕಿಯನ್ನು ಶೇಕಡಾ 88ರಿಂದ 92ರ ನಡುವೆ ನಿಲ್ಲಿಸಬೇಕು, ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು ಎಂಬುದು ನನಗೆ ತಿಳಿದದ್ದೂ ಆಗಲೇ.

ಮನೆಯಲ್ಲಿ ಮರದ ಮುಚ್ಚಿಗೆಯಿರುವ ಒಂದೇ ಕೋಣೆಯನ್ನು ಆಯಿಗೆ ಬಿಟ್ಟುಕೊಟ್ಟು, ಸಂದುಗಳಿಗೆ ಬಟ್ಟೆ ತುರುಕಿ, ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಗಾಳಿಶೋಧಕವನ್ನು ಇನ್ವರ್ಟರಿಗೆ ಜೋಡಿಸಿದ್ದೇವೆ. ಹೊಗೆಯ ದಿನಗಳಲ್ಲಿ ಬಚ್ಚಲ ಒಲೆ, ಊದುಬತ್ತಿ, ಸೊಳ್ಳೆಬತ್ತಿ ಎಲ್ಲವೂ ಬಂದ್. ಹೊರಗಿನ ಹೊಗೆಯನ್ನು ಒಳಗೆಳೆಯುವ ಎಕ್ಸಾಸ್ಟ್ ಫ್ಯಾನ್ ಕೂಡ. ರಾತ್ರಿ ತಣ್ಣನೆಯ ಗಾಳಿಯ ಜೊತೆ ಹೊಗೆ ಕಣಿವೆಯಲ್ಲೇ ತಂಗುವುದರಿಂದ, ನಸುಕಿನಲ್ಲಿ ಕಿಟಕಿ ತೆರೆಯುವ ಹಳೆಯ ರೂಢಿಯನ್ನು ಬಿಟ್ಟು, ಬಿಸಿಲೇರಿ ಎದುರಿನ ಗುಡ್ಡ ಸ್ಪಷ್ಟವಾಗಿ ಕಂಡ ಮೇಲಷ್ಟೇ ತೆರೆಯುತ್ತೇವೆ. ಎನ್95 ಮಾಸ್ಕನ್ನು ಆಯಿ ಅನಿವಾರ್ಯವಾಗಿ ಹೊರಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಾಳೆ, ಏಕೆಂದರೆ ಅದರೊಳಗೆ ಉಸಿರೆಳೆಯುವುದೇ ಅವಳಿಗೆ ಶ್ರಮ.

ಬೆಂಕಿ ಆರಿದ ಮೇಲೂ ಎರಡು ಮೂರು ದಿನ ಆಕ್ಸಿಮೀಟರನ್ನು ಕೆಳಗಿಡುವುದಿಲ್ಲ, ತೊಂದರೆ ತಡವಾಗಿ ಕಾಣಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಬೂದಿಯನ್ನು ಈಗ ನೀರು ಚಿಮುಕಿಸಿ, ನೆನೆದ ಮೇಲೆ ಬಳಿದು ತೆಗೆಯುತ್ತೇವೆ. ಆ ಕೆಲಸ ಮಾಡುವಾಗ ಎನ್95 ನನ್ನ ಮುಖದ ಮೇಲಿರುತ್ತದೆ. ಆಯಿಯ ಕೋಣೆಯ ಬಾಗಿಲು ಮುಚ್ಚಿರುತ್ತದೆ.