ಎರಡು ಜೋಡಿ ಕಾಲಿನ ನುಸಿ: ಹೊಸ ಪ್ರಭೇದದ ಅಂಗರಚನೆ ಬರೆಯುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ತೊಗರಿ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಪೊದೆಯಂತೆ ಬೆಳೆದಿರುತ್ತದೆ. ಎಲೆ ಚಿಕ್ಕದಾಗಿ, ಅದರ ಮೇಲೆ ತಿಳಿಹಳದಿ ಮಚ್ಚೆಗಳು ಮೂಡಿರುತ್ತವೆ. ಸುತ್ತಲ ಗಿಡಗಳು ಹೂ ಬಿಟ್ಟರೂ ಇದರಲ್ಲಿ ಹೂವೇ ಇರುವುದಿಲ್ಲ. ಇದೇ ಗೊಡ್ಡು ರೋಗ. ರೋಗ ತರುವುದು ವೈರಸ್, ಆ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಅಸೇರಿಯಾ ಕಜಾನಿ ಎಂಬ ನುಸಿ. ಈ ಪ್ರಭೇದವನ್ನು 1966ರಲ್ಲಿ ವಿವರಿಸಿ ಹೆಸರಿಟ್ಟವರು ಜಿ. ಪಿ. ಚನ್ನಬಸವಣ್ಣ.

ಹೊಸ ನುಸಿಯನ್ನು ವಿವರಿಸಲು ಹೊರಟವರು ಮೊದಲು ಈ ಹಳೆಯ ನುಸಿಯ ಮೇಲೆ ಕೈ ಪಳಗಿಸಿಕೊಳ್ಳಬೇಕು. ನಿಮ್ಮದೇ ಹೊಲದ ತೊಗರಿ ನುಸಿಯನ್ನು ಸ್ಲೈಡಿಗೇರಿಸಿ, ಅಳೆದು, ಬರೆದು, ಪ್ರಕಟವಾಗಿರುವ ವಿವರಣೆಯ ಪಕ್ಕದಲ್ಲಿಟ್ಟು ನೋಡಿ. ಅಳತೆ ಎಲ್ಲಿ ತಪ್ಪಿತು, ಯಾವ ಗೆರೆ ಕಣ್ಣಿಗೆ ಬೀಳಲಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. ಈ ಅಭ್ಯಾಸವಿಲ್ಲದೆ ಹೊಂಗೆಯ ಎಲೆಗಂಟಿನಲ್ಲೋ ಬಾರಿ ಗಿಡದ ಚಿಗುರಿನಲ್ಲೋ ಸಿಕ್ಕ ನುಸಿಯನ್ನು ಹೊಸದೆಂದು ಸಾರಿದರೆ, ಪ್ರಭೇದದ ವ್ಯತ್ಯಾಸ ಯಾವುದು, ಸ್ಲೈಡಿನ ದೋಷ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಎರಿಯೋಫಿಡ್ ಗುಂಪಿನ ನುಸಿಗಳ ಬಗ್ಗೆ ಮಾತ್ರ. ಕೆಂಪು ಜೇಡನುಸಿಗೆ ನಾಲ್ಕು ಜೋಡಿ ಕಾಲು, ಅದರ ಪ್ರಭೇದ ಗುರುತಿಸಲು ಮುಖ್ಯವಾಗಿ ಗಂಡಿನ ಜನನಾಂಗದ ಆಕಾರ ನೋಡಬೇಕು, ಹಾಗಾಗಿ ಅದರ ಕೆಲಸದ ಕ್ರಮವೇ ಬೇರೆ. ಎರಿಯೋಫಿಡ್ ನುಸಿಗೆ ಬದುಕಿನುದ್ದಕ್ಕೂ ಎರಡೇ ಜೋಡಿ ಕಾಲು. ಸಾಮಾನ್ಯವಾಗಿ 150ರಿಂದ 300 ಮೈಕ್ರಾನ್ ಉದ್ದ, ಅಂದರೆ ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಬರಿಗಣ್ಣಿಗೆ ಕಾಣುವುದಿಲ್ಲ. 10 ಪಟ್ಟಿನ ಭೂತಗನ್ನಡಿಯಲ್ಲಿ ಎಲೆಯ ನರದ ಪಕ್ಕ ತೆವಳುವ ಬಿಳಿ ಚುಕ್ಕೆಯಂತೆ ಕಂಡೀತು.

ಎಲೆ ತರುವಾಗ

ಎಳೆಯ ಎಲೆ, ಮೊಗ್ಗು, ಗಂಟು ಇವನ್ನು ಬೆಳಿಗ್ಗೆ ಬಿಸಿಲೇರುವ ಮೊದಲೇ ಕೀಳಿ. ಒಣ ಕಾಗದದಲ್ಲಿ ಸುತ್ತಿ ಜಿಪ್ ಚೀಲಕ್ಕೆ ಹಾಕಿ ಐಸ್ ಡಬ್ಬಿಯಲ್ಲಿಡಿ, ಆದರೆ ಐಸಿಗೆ ನೇರವಾಗಿ ತಾಗಿಸಬೇಡಿ. ಚೀಲದೊಳಗೆ ನೀರು ಕಟ್ಟಿದರೆ ನುಸಿ ಮುಳುಗಿ ಎಲೆಯಿಂದ ಜಾರುತ್ತದೆ. ಕಲಬುರಗಿಯ ಏಪ್ರಿಲ್–ಮೇ ಬಿಸಿಲಲ್ಲಿ ಚೀಲವನ್ನು ವಾಹನದೊಳಗೆ ಬಿಟ್ಟರೆ ಎಲೆ ಬೆಂದಂತಾಗಿ ನುಸಿಗಳು ಸುಕ್ಕುಗಟ್ಟಿಬಿಡುತ್ತವೆ. ಚಿಂಚೋಳಿ ವನ್ಯಜೀವಿಧಾಮದಂಥ ಕಡೆ ಒಂದು ಎಲೆ ಕೀಳುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅದಿಲ್ಲದೆ ತಂದ ಮಾದರಿ ಮುಂದೆ ಪ್ರಬಂಧಕ್ಕೂ ತೊಡಕು.

ಅದೇ ಟೊಂಗೆಯ ಹೂ ಅಥವಾ ಕಾಯಿ ಇರುವ ಭಾಗವನ್ನು ಒತ್ತಿ ಒಣಗಿಸಿ ಇಟ್ಟುಕೊಳ್ಳಿ. ಈ ನುಸಿಗಳಲ್ಲಿ ಹೆಚ್ಚಿನವು ಒಂದೇ ಸಸ್ಯಕ್ಕೆ ಅಥವಾ ಅದರ ಹತ್ತಿರದ ನಂಟಿನ ಸಸ್ಯಗಳಿಗೆ ಅಂಟಿಕೊಂಡವು. ಸಸ್ಯದ ಹೆಸರು ತಪ್ಪಿದರೆ ಮುಂದಿನ ಹೋಲಿಕೆಯೆಲ್ಲ ದಾರಿ ತಪ್ಪುತ್ತದೆ. ಇನ್ನೊಂದು ಲಾಭವೂ ಇದೆ: ಒಣಗಿಸಿದ ಎಲೆಯಲ್ಲಿ ನುಸಿಯ ದೇಹ ಎಷ್ಟೋ ವರ್ಷ ಉಳಿಯುತ್ತದೆ. ಸ್ಲೈಡ್ ಕೆಟ್ಟರೆ ಅದೇ ಎಲೆಯಿಂದ ನುಸಿ ಹೆಕ್ಕಿ ಲ್ಯಾಕ್ಟಿಕ್ ಆಮ್ಲದಲ್ಲಿ ಉಬ್ಬಿಸಿಕೊಳ್ಳಬಹುದು. ಉಳಿದ ನುಸಿಗಳಲ್ಲಿ ಒಂದಿಷ್ಟನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ, ಡಿಎನ್‌ಎ ಕೆಲಸಕ್ಕೆಂದು ಇನ್ನಷ್ಟನ್ನು 95 ಶೇಕಡಾಕ್ಕೂ ಮೇಲ್ಪಟ್ಟ ಆಲ್ಕೋಹಾಲಿನಲ್ಲಿ ಇಡಿ.

ಗಿಡದ ಮೇಲಿನ ಲಕ್ಷಣವನ್ನೂ ಅಲ್ಲೇ ಬರೆದುಕೊಳ್ಳಿ: ಗಂಟೋ, ಎಲೆ ಮುದುರೋ, ತುಕ್ಕಿನ ಬಣ್ಣವೋ, ಏನೂ ಇಲ್ಲವೋ. ನುಸಿ ಎಲೆಯ ಯಾವ ಮೈಯಲ್ಲಿತ್ತು ಎಂಬುದೂ ಬೇಕು. ಗಂಟಿನೊಳಗೆ ಎರಡು ಮೂರು ಬಗೆಯ ನುಸಿ ಒಟ್ಟಿಗೆ ಇರುವುದುಂಟು. ಒಂದು ಗಂಟು ಕಟ್ಟಿದ್ದು, ಮತ್ತೊಂದು ಆಮೇಲೆ ಬಂದು ಸೇರಿಕೊಂಡದ್ದು. ಸಿಕ್ಕ ನುಸಿಯೇ ಗಂಟಿಗೆ ಕಾರಣ ಎಂದು ಬರೆಯುವ ಆತುರ ಬೇಡ.

ಸ್ಲೈಡ್: ಅರ್ಧ ಕೆಲಸ ಇಲ್ಲೇ ಕೆಡುವುದು

ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ 40 ಪಟ್ಟು ಇಟ್ಟು, ಕಡ್ಡಿಯ ತುದಿಗೆ ಅಂಟಿಸಿದ ರೆಪ್ಪೆಗೂದಲಿನಿಂದ ನುಸಿಯನ್ನು ಎತ್ತಿ. ಸೂಜಿಯಾದರೆ ಚುಚ್ಚುತ್ತದೆ. ನುಸಿ ವಿರಳವಾಗಿದ್ದರೆ ಎಲೆಗಳನ್ನು ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ನೀರಿನಲ್ಲಿ ಅಲ್ಲಾಡಿಸಿ, 25 ಮೈಕ್ರಾನ್ ಕಣ್ಣಿನ ಜರಡಿಯಲ್ಲಿ ಸೋಸಿ ಹೆಕ್ಕಿ.

ಹೆಕ್ಕಿದ್ದನ್ನು ಗುಳಿ ಸ್ಲೈಡಿನಲ್ಲಿ ಲ್ಯಾಕ್ಟಿಕ್ ಆಮ್ಲದ ಹನಿಗೆ ಹಾಕಿ 50–60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡಿ. ಒಳಗಿನ ಅಂಗಾಂಶ ಕರಗಿ ಚರ್ಮ ಮಾತ್ರ ಪಾರದರ್ಶಕವಾಗಿ ಉಳಿಯಬೇಕು. ಇದಕ್ಕೆ ಕೆಲ ಗಂಟೆ ಹಿಡಿಯಬಹುದು, ಅರ್ಧ ಗಂಟೆಗೊಮ್ಮೆ ನೋಡುತ್ತಿರಿ. ಕಡಿಮೆಯಾದರೆ ದೇಹದ ನಡುವೆ ಮಬ್ಬು ಉಳಿದು ಕಾಲಬುಡದ ಗೆರೆಗಳು ಕಾಣುವುದಿಲ್ಲ. ಹೆಚ್ಚಾದರೆ ಚರ್ಮ ಎಷ್ಟು ತೆಳುವಾಗಿ ಕಾಣುತ್ತದೆಂದರೆ ಬೆನ್ನಗುರಾಣಿಯ (ಬೆನ್ನಿನ ಮುಂಭಾಗವನ್ನು ಮುಚ್ಚುವ ಫಲಕ) ಸಣ್ಣ ಗೆರೆಗಳೇ ಮಾಯ.

ಕೂರಿಸುವ ಮಾಧ್ಯಮಕ್ಕೆ ಹಾಯರ್ ದ್ರಾವಣ ಸಾಕು: ಬಟ್ಟಿ ಇಳಿಸಿದ ನೀರು 50 ಮಿ.ಲೀ., ಅರೇಬಿಕ್ ಗೋಂದು 30 ಗ್ರಾಂ, ಕ್ಲೋರಲ್ ಹೈಡ್ರೇಟ್ 200 ಗ್ರಾಂ, ಗ್ಲಿಸರಿನ್ 20 ಮಿ.ಲೀ. ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದನ್ನು ಬೆರೆಸಿ. ಗೋಂದಿನ ಹರಳು ತನ್ನಿ, ಪುಡಿಯಾದರೆ ಗುಳ್ಳೆ ಎದ್ದು ಗಂಟುಕಟ್ಟುತ್ತದೆ. ಕೊನೆಗೆ ಗಾಜಿನ ಹತ್ತಿಯಲ್ಲಿ ಸೋಸಿ. ಕ್ಲೋರಲ್ ಹೈಡ್ರೇಟ್ ವಿಷ. ಕೈಗವಸು, ಗಾಳಿಯಾಡುವ ಕೋಣೆ, ಬೀಗ ಹಾಕಿದ ಕಪಾಟು ಮೂರೂ ಬೇಕು. ಮಾಧ್ಯಮಕ್ಕೆ ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೊಡೈಡ್ ತುಸು ಸೇರಿಸಿದರೆ ಗೆರೆಗಳು ಎದ್ದು ಕಾಣುತ್ತವೆ.

ಸ್ಲೈಡಿನ ನಡುವೆ ಸಾಸಿವೆಯಷ್ಟು ಹನಿ ಇಟ್ಟು, ನುಸಿಯನ್ನು ಅದರ ತಳಕ್ಕೆ ಒತ್ತಿ ಕೂರಿಸಿ, ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ಇಳಿಸಿ. ಹನಿ ದೊಡ್ಡದಾದರೆ ಎರಡು ತೊಂದರೆ: ನುಸಿ ಹರಿದುಕೊಂಡು ಅಂಚಿಗೆ ಹೋಗುತ್ತದೆ, ಮತ್ತು ಮಾಧ್ಯಮ ದಪ್ಪವಾಗಿ 100 ಪಟ್ಟಿನ ಎಣ್ಣೆ ಮಸೂರಕ್ಕೆ ನುಸಿಯ ಆಳ ಎಟುಕುವುದೇ ಇಲ್ಲ. ಹನಿ ಚಿಕ್ಕದಾದರೆ ನುಸಿ ಚಪ್ಪಟೆಯಾಗುತ್ತದೆ. ಕೆಲವನ್ನು ಬೆನ್ನು ಮೇಲೆ ಮಾಡಿ, ಕೆಲವನ್ನು ಹೊಟ್ಟೆ ಮೇಲೆ ಮಾಡಿ, ಎರಡು ಮೂರನ್ನಾದರೂ ಪಕ್ಕಕ್ಕೆ ಮಲಗಿಸಿ ಕೂರಿಸಬೇಕು. ಒಂದೇ ಭಂಗಿಯ 20 ಸ್ಲೈಡಿಗಿಂತ ಮೂರು ಭಂಗಿಯ 12 ಸ್ಲೈಡ್ ಮೇಲು. 45–50 ಡಿಗ್ರಿ ಒಲೆಯಲ್ಲಿ ಒಂದು ವಾರ ಒಣಗಿಸಿ, ಅಂಚಿಗೆ ಉಗುರು ಬಣ್ಣವನ್ನು ಎರಡು ಸಲ ಬಳಿಯಿರಿ. ಹಾಯರ್ ದ್ರಾವಣ ನೀರನ್ನು ಎಳೆಯುವ ಸ್ವಭಾವದ್ದು. ಅಂಚು ಮುಚ್ಚದೆ ಬಿಟ್ಟರೆ ಮಳೆಗಾಲದಲ್ಲಿ ಮೆತ್ತಗಾಗಿ ನುಸಿ ಜರುಗುತ್ತದೆ, ಬೇಸಿಗೆಯ ಒಣಹವೆಯಲ್ಲಿ ಕುಗ್ಗಿ ಗಾಳಿ ಒಳಗೆ ನುಗ್ಗುತ್ತದೆ.

ಯಾವುದನ್ನು ಅಳೆಯಬೇಕು, ಯಾವುದನ್ನು ನಂಬಬೇಕು

ಫೇಸ್ ಕಾಂಟ್ರಾಸ್ಟ್ (ಪಾರದರ್ಶಕ ವಸ್ತುವಿನ ಗೆರೆಗಳನ್ನು ಎತ್ತಿ ತೋರಿಸುವ ವ್ಯವಸ್ಥೆ) ಇರುವ ಮೈಕ್ರೋಸ್ಕೋಪ್, 100 ಪಟ್ಟಿನ ಎಣ್ಣೆ ಮಸೂರ, ಕಣ್ಣುಮಸೂರದಲ್ಲಿ ಅಳತೆಪಟ್ಟಿ: ಇಷ್ಟಿಲ್ಲದೆ ಈ ಕೆಲಸ ಆಗದು. ಮೊದಲು ಸ್ಟೇಜ್ ಮೈಕ್ರೋಮೀಟರ್ ಇಟ್ಟು ಒಂದೊಂದು ಮಸೂರಕ್ಕೂ ಪ್ರತ್ಯೇಕವಾಗಿ ಅಳತೆ ಹೊಂದಿಸಿ. ಅದರಲ್ಲಿ 1 ಮಿಲಿಮೀಟರನ್ನು 100 ಭಾಗ ಮಾಡಿರುವುದರಿಂದ ಒಂದು ಭಾಗ 10 ಮೈಕ್ರಾನ್.

ದೇಹದ ಉದ್ದ, ಅಗಲ ಎಲ್ಲರೂ ಮೊದಲು ಬರೆಯುವ ಅಳತೆಗಳು, ಆದರೆ ಅವೇ ಎಲ್ಲಕ್ಕಿಂತ ಸಡಿಲ. ಮೈಯುಂಗುರಗಳು ಒಂದರೊಳಗೊಂದು ಸರಿಯುವುದರಿಂದ ಒಂದೇ ನುಸಿ ಕುಗ್ಗಿಯೂ ಕೂರಬಹುದು, ಚಾಚಿಯೂ ಕೂರಬಹುದು. ಕವರ್‌ಸ್ಲಿಪ್ ಒತ್ತಿದಂತೆ ಅಗಲ ಹೆಚ್ಚುತ್ತದೆ. ಉದ್ದದಲ್ಲಿ 20 ಮೈಕ್ರಾನ್ ವ್ಯತ್ಯಾಸ ಕಂಡಿತೆಂದು ಹೊಸ ಪ್ರಭೇದ ಅನ್ನುವುದು ಸಲ್ಲ. ಉದ್ದವನ್ನು ಬಾಯಿಭಾಗ ಸೇರಿಸಿ ಅಳೆದಿರೋ ಬಿಟ್ಟು ಅಳೆದಿರೋ ಎಂಬುದನ್ನೂ ಹೇಳಿ. ಬಿರುಗೂದಲಿನ ಬುಡಗಳ ನಡುವಿನ ಅಂತರ, ಉಂಗುರಗಳ ಎಣಿಕೆ, ಕಾಲ್ತುದಿಯ ಗರಿಯ ಕವಲು, ಬೆನ್ನಗುರಾಣಿಯ ಗೆರೆವಿನ್ಯಾಸ ಇವು ಒತ್ತಡಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ವಿವರಣೆಯ ಭಾರ ಇವುಗಳ ಮೇಲೆ ಬೀಳಲಿ.

ಮೊದಲು ಬಾಯಿಭಾಗ. ಅದು ಚಿಕ್ಕದಾಗಿ ತುಸು ಬಾಗಿದೆಯೋ, ದೊಡ್ಡದಾಗಿದ್ದು ಚುಚ್ಚುಸೂಜಿಗಳು ಬುಡದಲ್ಲೇ ಥಟ್ಟನೆ ಕೆಳಕ್ಕೆ ಬಾಗಿವೆಯೋ ನೋಡಿ. ಎರಡನೆಯದಾದರೆ ಡಿಪ್ಟಿಲೋಮಿಯೋಪಿಡೇ ಕುಟುಂಬದ ಕಡೆ ಹೋಗಬೇಕು. ಗುರಾಣಿಯ ಮುಂಭಾಗದಲ್ಲೂ ಬಿರುಗೂದಲಿದ್ದರೆ ಫೈಟಾಪ್ಟಿಡೇ ಕುಟುಂಬ. ಬಾಯಿ ಚಿಕ್ಕದಾಗಿದ್ದು ಮುಂಭಾಗದಲ್ಲಿ ಬಿರುಗೂದಲು ಇಲ್ಲದಿದ್ದರೆ ಎರಿಯೋಫಿಡೇ. ತೊಗರಿ ನುಸಿ ಇಲ್ಲಿ ಸೇರುತ್ತದೆ.

ಬೆನ್ನಗುರಾಣಿಯ ಮೇಲೆ ನಡುಗೆರೆ, ಅದರ ಎರಡೂ ಪಕ್ಕ ಒಳಗೆರೆ, ಅದರಾಚೆ ಹೊರಗೆರೆ ಇರುತ್ತವೆ. ಪ್ರತಿ ಗೆರೆ ಎಲ್ಲಿ ಶುರು, ಎಲ್ಲಿ ತುಂಡು, ಯಾವುದರ ಜೊತೆ ಕೂಡುತ್ತದೆ ಎಂದು ಬರೆಯಿರಿ. ಗುರಾಣಿಯ ಬಿರುಗೂದಲಿನ ಉಬ್ಬುಗಳು ಹಿಂಅಂಚಿನ ಮೇಲೇ ಕೂತು ಕೂದಲು ಹಿಂದಕ್ಕೆ ಚಾಚಿದ್ದರೆ ಅಸೇರಿಯಾ ಕುಲದ ಗುರುತು. ಉಬ್ಬುಗಳು ಅಂಚಿಗಿಂತ ಮುಂದಿದ್ದು ಕೂದಲು ಮೇಲಕ್ಕೋ ಮುಂದಕ್ಕೋ ಒಳಕ್ಕೋ ತಿರುಗಿದ್ದರೆ ಎರಿಯೋಫಿಸ್ ಕುಲ. ಕವರ್‌ಸ್ಲಿಪ್ಪಿನ ಒತ್ತಡಕ್ಕೆ ಕೂದಲು ತಿರುಗಿ ಬೀಳುವುದುಂಟು. ಹಾಗಾಗಿ ಕೂದಲಿನ ತುದಿಯ ಬದಲು ಉಬ್ಬಿನ ಜಾಗವನ್ನು ನೋಡಿ ತೀರ್ಮಾನಿಸಿ.

ಕಾಲಿನಲ್ಲಿ ತೊಡೆ, ಮಂಡಿ, ಮೊಳಕಾಲು (ಮಂಡಿಗೂ ಪಾದಕ್ಕೂ ನಡುವಿನ ಭಾಗ), ಪಾದ ಒಂದೊಂದರ ಉದ್ದ, ಅದರ ಮೇಲಿನ ಬಿರುಗೂದಲಿನ ಉದ್ದ ಬೇಕು. ಎರಡನೆಯ ಕಾಲಿನ ಮೊಳಕಾಲಿನಲ್ಲಿ ಬಿರುಗೂದಲು ಇಲ್ಲದಿರುವುದು ಈ ಗುಂಪಿನ ಸಹಜ ಲಕ್ಷಣ, ಅದು ಮುರಿದುಹೋಗಿದೆ ಎಂದು ತಿಳಿಯಬೇಡಿ. ಪಾದದ ತುದಿಯ ಗರಿಯಲ್ಲಿ ಎಷ್ಟು ಜೊತೆ ಕವಲಿವೆ ಎಂಬ ಎಣಿಕೆ ಪ್ರಭೇದ ಬೇರ್ಪಡಿಸಲು ಬಹಳ ಬೆಲೆಯುಳ್ಳದ್ದು, ಎಣಿಸುವುದು ಅಷ್ಟೇ ಕಷ್ಟ. ಫೋಕಸ್ ತಿರುಪನ್ನು ಅತಿ ನಿಧಾನ ತಿರುಗಿಸುತ್ತ, ಗರಿ ನೇರವಾಗಿ ಮೇಲ್ಮುಖವಾಗಿರುವ ಮಾದರಿಯಲ್ಲಿ ಎಣಿಸಿ. ಪಕ್ಕಕ್ಕೆ ಮಲಗಿದ ಗರಿಯಲ್ಲಿ ಒಂದು ಕವಲು ಇನ್ನೊಂದರ ಹಿಂದೆ ಅಡಗುತ್ತದೆ. ಕನಿಷ್ಠ ಐದು ನುಸಿಗಳಲ್ಲಿ ಒಂದೇ ಎಣಿಕೆ ಬಂದರೆ ಮಾತ್ರ ಬರೆಯಿರಿ.

ಹೊಟ್ಟೆಯ ಕಡೆ ಕಾಲಬುಡದ ಮೂರು ಜೊತೆ ಬಿರುಗೂದಲು, 1ಬಿ, 1ಎ, 2ಎ (ಇವು ಬಿರುಗೂದಲುಗಳಿಗೆ ಇಟ್ಟ ಸಂಕೇತಗಳು). ಪ್ರತಿಯೊಂದರ ಉದ್ದ, ಜೊತೆಯ ನಡುವಿನ ಅಂತರ ಎರಡೂ ಬೇಕು. ಹಿಂದೆ ಜನನಾಂಗದ ಮುಚ್ಚಳ: ಅಗಲ, ಉದ್ದ, ಮೇಲಿನ ಏಣುಗಳ ಸಂಖ್ಯೆ, ಮತ್ತು ಪಕ್ಕದ 3ಎ ಬಿರುಗೂದಲು. ಮುಚ್ಚಳವೇ ಇಲ್ಲದ ನುಸಿ ಸಿಕ್ಕರೆ ಅದು ಮರಿ ಅಥವಾ ಗಂಡು. ಬೇರೆ ಪ್ರಭೇದವೆಂದು ಭ್ರಮಿಸಬಾರದು.

ಮೈಯುಂಗುರಗಳನ್ನು ಬೆನ್ನಿನ ಕಡೆ ಗುರಾಣಿಯ ಹಿಂದಿನಿಂದ, ಹೊಟ್ಟೆಯ ಕಡೆ ಕಾಲಬುಡದ ಹಿಂದಿನಿಂದ ಎಣಿಸಿ. ಸಿ2, ಡಿ, ಇ ಬಿರುಗೂದಲುಗಳು ಎಷ್ಟನೆಯ ಹೊಟ್ಟೆಯುಂಗುರದ ಮೇಲಿವೆ, ಎಫ್ ಹಿಂದಿನಿಂದ ಎಷ್ಟನೆಯದರಲ್ಲಿದೆ, ತುದಿಯ ಎಚ್1 ಇದೆಯೋ ಇಲ್ಲವೋ ಎಂದು ಗುರುತಿಸಿ. ಪಕ್ಕಕ್ಕೆ ಮಲಗಿಸಿದ ಸ್ಲೈಡುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಬೆನ್ನಿನ ಮತ್ತು ಹೊಟ್ಟೆಯ ಉಂಗುರಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿರುವುದು ಅಸೇರಿಯಾ. ಬೆನ್ನಿನವು ಅಗಲವಾಗಿ ಸಂಖ್ಯೆಯಲ್ಲಿ ಕಡಿಮೆಯಿದ್ದರೆ ಬೇರೆ ಕುಲ ಹುಡುಕಬೇಕು.

ಬರೆಯುವ ರೀತಿ

ಒಂದು ಹೆಣ್ಣನ್ನು ಹೋಲೋಟೈಪ್ (ಪ್ರಭೇದದ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಎಂದು ಆರಿಸಿ. ಅತಿ ಸುಂದರವಾದದ್ದೇ ಆಗಬೇಕಿಲ್ಲ, ಗುರಾಣಿ ಮತ್ತು ಕಾಲು ಚೆನ್ನಾಗಿ ಕಾಣುವಂಥದ್ದಾಗಿರಲಿ. ಜೊತೆಗೆ ಕನಿಷ್ಠ 9–10 ಪ್ಯಾರಾಟೈಪ್, ಅಂದರೆ ವಿವರಣೆಗೆ ಬಳಸಿದ ಉಳಿದ ಮಾದರಿಗಳು. ಹೋಲೋಟೈಪಿನ ಅಳತೆ ಮೊದಲು, ಆವರಣದೊಳಗೆ ಪ್ಯಾರಾಟೈಪುಗಳ ಕನಿಷ್ಠ–ಗರಿಷ್ಠ. ಅಂಕಿ ಮಾದರಿಗೆ ಮಾತ್ರ: “ಹೆಣ್ಣು. ದೇಹ ಹುಳುವಿನಾಕಾರ, ಉದ್ದ 205 (188–221). ಬೆನ್ನಗುರಾಣಿ 30 (28–32), ನಡುಗೆರೆ ಹಿಂಭಾಗದ ಮೂರನೇ ಒಂದರಲ್ಲಿ ಮಾತ್ರ.” ಕ್ರಿಯಾಪದ ಬೇಡ, ಹೊಗಳಿಕೆ ಬೇಡ, “ಸುಮಾರು” ಬೇಡ.

ಚಿತ್ರಗಳಲ್ಲಿ ಗುರಾಣಿ, ಕಾಲಬುಡ–ಜನನಾಂಗ, ಮೊದಲ ಕಾಲು, ಗರಿ, ಪಕ್ಕನೋಟ ಇರಲೇಬೇಕು. ಡ್ರಾಯಿಂಗ್ ಟ್ಯೂಬ್ (ಮೈಕ್ರೋಸ್ಕೋಪಿನ ನೋಟವನ್ನೂ ಕಾಗದವನ್ನೂ ಒಟ್ಟಿಗೆ ತೋರಿಸುವ ಸಾಧನ) ಜೋಡಿಸಿ ಹಲವು ಮಾದರಿಗಳನ್ನು ನೋಡುತ್ತ ಬಿಡಿಸಿ. ಫೋಟೋ ಇದಕ್ಕೆ ಪೂರಕವಷ್ಟೆ, ಏಕೆಂದರೆ ಒಂದು ಫೋಟೋದಲ್ಲಿ ಒಂದೇ ಫೋಕಸ್ ಆಳ ಸಿಗುತ್ತದೆ. ಒಂದು ಮಾದರಿಯಲ್ಲಿ ಕಾಣದ್ದನ್ನು ಇನ್ನೊಂದರಲ್ಲಿ ಕಂಡರೆ ಸೇರಿಸಬಹುದು, ಯಾವುದರಲ್ಲೂ ಕಾಣದ್ದನ್ನು “ಇರಬೇಕು” ಎಂದು ಬಿಡಿಸಬಾರದು.

ಆಮೇಲೆ ಹೋಲಿಕೆ. ಅಸೇರಿಯಾ ಒಂದರಲ್ಲೇ 900ರ ಆಸುಪಾಸು ಪ್ರಭೇದಗಳು ದಾಖಲಾಗಿವೆ. ಎಲ್ಲವನ್ನೂ ಹೋಲಿಸಲಾಗದು. ಅದೇ ಸಸ್ಯದ ಮೇಲೆ, ಆ ಸಸ್ಯದ ಕುಲ ಮತ್ತು ಕುಟುಂಬದ ಮೇಲೆ ವರದಿಯಾದವನ್ನೆಲ್ಲ ಮೂಲ ವಿವರಣೆಯೊಂದಿಗೇ ಹೋಲಿಸಿ. ಹತ್ತಿರದ ಪ್ರಭೇದಕ್ಕೂ ನಿಮ್ಮದಕ್ಕೂ ಅಳತೆಯ ವ್ಯತ್ಯಾಸ ಮಾತ್ರ ಸಿಕ್ಕರೆ ಕಾಯಿರಿ, ಬೇರೆ ಹಂಗಾಮಿನಲ್ಲಿ ಮತ್ತೆ ಸಂಗ್ರಹಿಸಿ. ಕೆಲವು ಪ್ರಭೇದಗಳಲ್ಲಿ ಹೆಣ್ಣುಗಳೇ ಎರಡು ರೂಪದಲ್ಲಿರುತ್ತವೆ, ಪ್ರತಿಕೂಲ ಕಾಲಕ್ಕೆ ಬೇರೆಯೇ ಆಕಾರದ ಹೆಣ್ಣು ಹುಟ್ಟುತ್ತದೆ. ಇದನ್ನರಿಯದೆ ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದದ್ದುಂಟು.

ಹೆಸರು ಊರ್ಜಿತವಾಗಲು ಪ್ರಾಣಿನಾಮಕರಣ ಸಂಹಿತೆಯ ನಿಯಮ ಪಾಲಿಸಬೇಕು: ಪ್ರಭೇದ ಹೊಸದೆಂದು ಸ್ಪಷ್ಟವಾಗಿ ಬರೆಯಬೇಕು, ಬೇರ್ಪಡಿಸುವ ಲಕ್ಷಣ ಹೇಳಬೇಕು, ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿ ಇಡಲಾಗುತ್ತದೆ ಎಂದು ಹೇಳಬೇಕು. ಪತ್ರಿಕೆ ಆನ್‌ಲೈನ್ ಮಾತ್ರವಾಗಿದ್ದರೆ ಜೂಬ್ಯಾಂಕ್ (ಪ್ರಾಣಿನಾಮಗಳ ಅಧಿಕೃತ ಆನ್‌ಲೈನ್ ದಾಖಲೆ) ನೋಂದಣಿ ಪ್ರಕಟಣೆಗೆ ಮೊದಲೇ ಆಗಿ, ಅದರ ಪುರಾವೆ ಪ್ರಬಂಧದೊಳಗೇ ಇರಬೇಕು. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸುವುದು ಕಡ್ಡಾಯ. ಪ್ರಾಣಿಗಳಿಗೆ ಕೋಲ್ಕತ್ತದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆ ಅಂಥದೊಂದು ಭಂಡಾರ. ನುಸಿಗಳ ಗುರುತಿಗೆ ನೆರವು ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನುಸಿಶಾಸ್ತ್ರ ತಜ್ಞರನ್ನು ಕೇಳಿ.

ಸ್ಲೈಡಿನ ಎಡಗಡೆ ಸಂಗ್ರಹದ ಚೀಟಿ, ಬಲಗಡೆ ಪ್ರಭೇದದ ಚೀಟಿ. ಎಡಚೀಟಿಯಲ್ಲಿ ದೇಶ, ರಾಜ್ಯ, ಜಿಲ್ಲೆ, ತಾಲ್ಲೂಕು, ಊರು, ಅಕ್ಷಾಂಶ–ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಸ್ಯದ ವೈಜ್ಞಾನಿಕ ಹೆಸರು, ಸಂಗ್ರಹಿಸಿದವರ ಹೆಸರು. ಹಳೆಯ ಪ್ರಬಂಧಗಳಲ್ಲಿ ಜಿಲ್ಲೆ ಗುಲಬರ್ಗಾ ಎಂದೇ ಇರುತ್ತದೆ, ಯಾದಗಿರಿ 2009ರ ಕೊನೆಯವರೆಗೂ ಅದರೊಳಗೇ ಇತ್ತು. ಆದ್ದರಿಂದ ಹಳೆಯ ಮಾದರಿಯ ಊರನ್ನು ಇಂದಿನ ಜಿಲ್ಲೆಗೆ ಹೊಂದಿಸಿ ನೋಡಿ. ಚೀಟಿಗೆ ಜೆಲ್ ಪೆನ್ನು ಬೇಡ, ಅದು ಒದ್ದೆಗೆ ಹರಡುತ್ತದೆ. ಇಂಡಿಯನ್ ಇಂಕಿನಲ್ಲಿ ಬರೆದು, ಶಾಯಿ ಪೂರ್ತಿ ಒಣಗಿದ ಮೇಲೆ ಅಂಟಿಸಿ.