22 ಸಾವಿರದ ಮಾರುತಿ, ಆರು ತಾಸಿನ ಓಟ

ನಮ್ಮ ಮಾರುತಿ 800 ಸಿಕ್ಕಿದ್ದು ಬಳ್ಳಾರಿಯ ಒಂದು ಶೆಡ್ಡಿನ ಹಿಂದೆ. ಎರಡು ವರ್ಷದಿಂದ ನಿಂತಲ್ಲೇ ನಿಂತಿತ್ತು. ನಾಲ್ಕೂ ಟೈರಲ್ಲಿ ಗಾಳಿ ಇಲ್ಲ, ಬಾನೆಟ್ ಒಳಗೆ ಇಲಿ ಗೂಡು. ಗುಜರಿಯವರು 20 ಸಾವಿರ ಕೇಳಿದ್ದರಂತೆ. ನಾವು 22 ಅಂದೆವು, ಮಾತು ಮುಗಿಯಿತು. 15 ವರ್ಷದ ಆರ್‌ಸಿ ಮುಗಿದಿತ್ತು, ರಸ್ತೆಗೆ ಇಳಿಸುವ ಹಾಗಿರಲಿಲ್ಲ. ಟ್ರ್ಯಾಕ್ಟರ್ ಟ್ರಾಲಿ ಮೇಲೆ ಹೇರಿಕೊಂಡು ಬಂದೆವು.

ಅಗ್ಗದ ಹಳೇ ಕಾರುಗಳ ರೇಸಿಗೆ ಅಂತಲೇ ಇದನ್ನ ತಂದದ್ದು. ಈ ಆಟದ ಮೂಲ ಅಮೆರಿಕದ್ದು. 2006ರಲ್ಲಿ ಜೇ ಲ್ಯಾಮ್ ಅನ್ನೋರು ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದರು. ಕಾರಿನ ಬೆಲೆ 500 ಡಾಲರ್ ದಾಟಬಾರದು, ಅದರಲ್ಲೇ ತಾಸುಗಟ್ಟಲೆ ಓಡಿಸಬೇಕು. ಫ್ರಾನ್ಸಿನಲ್ಲಿ 1923ರಲ್ಲಿ ಶುರುವಾದ ಲ ಮಾನ್ 24 ತಾಸಿನ ರೇಸಿನ ಹೆಸರನ್ನೇ ಸ್ವಲ್ಪ ತಿರುಗಿಸಿ 'ಲೆಮನ್ಸ್' ಅಂತ ಇಟ್ಟರು. ಪದೇ ಪದೇ ಕೈಕೊಡುವ ಕಾರಿಗೆ ಅಲ್ಲಿ ಲೆಮನ್, ಅಂದ್ರೆ ನಿಂಬೆಹಣ್ಣು ಅಂತಾರೆ. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಒಂದು ನಿಯಮ. ಡ್ರೈವರ್ ಜೀವ ಕಾಯುವ ಸಾಮಾನಿಗೆ ಎಷ್ಟು ಖರ್ಚಾದರೂ ಅದು ಆ 500 ಡಾಲರ್ ಲೆಕ್ಕಕ್ಕೆ ಬರಲ್ಲ.

ನಾವು ಗೆಳೆಯರು ಇದನ್ನೇ ನಮ್ಮ ಅಳತೆಗೆ ಇಳಿಸಿಕೊಂಡೆವು. ನಾಲ್ಕು ಕಾರು, ಕಾರಿಗೆ ನಾಲ್ಕು ಜನ, 30 ಸಾವಿರದ ಮಿತಿ. ಕುರುಗೋಡು ಕಡೆ ಗೆಳೆಯನೊಬ್ಬನ ಮಸಾರಿ, ಅಂದ್ರೆ ಕೆಂಪು ಮಣ್ಣಿನ ಹೊಲ ಇತ್ತು. ಜೋಳ ಕೊಯ್ದಾಗಿತ್ತು. ಅಲ್ಲಿ 1.1 ಕಿಲೋಮೀಟರ್ ಸುತ್ತು ಹಾಕಿದೆವು. ಆರು ತಾಸಲ್ಲಿ ಯಾರು ಜಾಸ್ತಿ ಸುತ್ತು ಹೊಡೀತಾರೋ ಅವರೇ ಗೆದ್ದಂಗೆ. ಒಟ್ಟಿಗೆ ಹೊರಡುವಂತಿಲ್ಲ, ಒಬ್ಬರ ಹಿಂದೆ ಒಬ್ಬರು. ಮುಂದಿನ ಕಾರನ್ನ ದಾಟುವುದು ಅಗಲವಾದ ನೇರ ದಾರಿಯಲ್ಲಿ ಮಾತ್ರ. ಠಾಣೆಗೆ ಬರೆದುಕೊಟ್ಟೆವು, ಒಂದು ಆಂಬುಲೆನ್ಸ್ ಬಾಡಿಗೆಗೆ ಹಿಡಿದೆವು.

ಕಾರು ಪಲ್ಟಿಯಾದರೂ ಡ್ರೈವರ್ ಉಳಿಯಲಿ ಅಂತ ಒಳಗೆ ಒಂದೂವರೆ ಇಂಚಿನ ಪೈಪಿನ ಪಂಜರ ಕೂರಿಸಿದೆವು. ಅದಕ್ಕೇ 14 ಸಾವಿರ ಹೋಯಿತು. ಅದರಲ್ಲಿ ಒಂದು ರೂಪಾಯಿ ಉಳಿಸೋಣ ಅಂತ ಯಾರೂ ಬಾಯಿ ಬಿಡಲಿಲ್ಲ. ನಮ್ಮಲ್ಲೊಬ್ಬ ಜೀನ್ಸ್ ಹೊಲಿಯುವವನು. ಕಟಿಂಗ್‌ನಲ್ಲಿ ಉಳಿದ ಬಟ್ಟೆಗೆ ಗಟ್ಟಿ ಫೋಮ್ ತುಂಬಿ, ತಲೆ ಬಡಿಯುವ ಕಡೆಯಲ್ಲೆಲ್ಲ ಪೈಪಿಗೆ ಸುತ್ತಿ ಹೊಲಿದ. ಪ್ಯಾಂಟಿಗೆ ಹಾಕುವ ಅದೇ ಹಳದಿ ದಾರ, ಅದೇ ಜೋಡಿ ಹೊಲಿಗೆ. ಆರು ತಾಸಿನ ಕುಲುಕಾಟಕ್ಕೆ ಒಂದು ಎಳೆಯೂ ಬಿಚ್ಚಲಿಲ್ಲ.

ಮೊದಲ ಟೆಸ್ಟ್ ದಿನವೇ ನಮ್ಮ ಶತ್ರು ಯಾರು ಅಂತ ಗೊತ್ತಾಯಿತು. ಬಿಸಿ. ಇಪ್ಪತ್ತು ನಿಮಿಷಕ್ಕೆ ಮುಳ್ಳು ಕೆಂಪಿಗೆ ಹೋಯಿತು. ಈ 796 ಸಿಸಿ ಇಂಜಿನ್ ಬಡಪಾಯಿ, ಏನು ಮಾಡಿದರೂ ತಡೆದುಕೊಳ್ಳುತ್ತೆ. ಆದರೆ ಕಾದರೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ನಿನ ಎರಡು ಭಾಗದ ನಡುವಿನ ತೆಳು ಸೀಲ್ ಹೋಗುತ್ತೆ, ಹೋದರೆ ಅಲ್ಲಿಗೆ ಓಟ ಮುಗಿದಂಗೆ. ರೇಡಿಯೇಟರ್ ಬಿಚ್ಚಿ ಬೆಳಕಿಗೆ ಹಿಡಿದೆ. ರೆಕ್ಕೆಗಳು ಬೆರಳು ತಾಗಿದರೆ ಹಪ್ಪಳದಂಗೆ ಉದುರುತ್ತಿದ್ದವು. ಎಸಿ ಸಾಮಾನು, ಮ್ಯೂಸಿಕ್ ಸಿಸ್ಟಂ ಎಲ್ಲ ಕಿತ್ತು 4,500ಕ್ಕೆ ಮಾರಿ, ಆ ದುಡ್ಡಲ್ಲಿ ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿದೆವು. ಎಸಿ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಇರುತ್ತಲ್ವಾ, ಅದು ಹೋದ ಮೇಲೆ ಗಾಳಿ ನೇರ ಬಡಿಯತೊಡಗಿತು. ಫ್ಯಾನಿಗೆ ಬ್ಯಾಟರಿಯಿಂದ ಫ್ಯೂಸ್ ಹಾಕಿ ಬೇರೆ ಸ್ವಿಚ್ ಕೊಟ್ಟೆವು. ಮುಂದೆ ಸೊಳ್ಳೆ ಪರದೆಯ ಜಾಲರಿ ಕಟ್ಟಿದೆವು.

ಕೊನೆಯ ಉಪಾಯ ಹೀಟರ್. ಅದನ್ನ ಫುಲ್ ಇಟ್ಟರೆ ಇಂಜಿನ್ನಿನ ಬಿಸಿ ಸ್ವಲ್ಪ ಕಾರಿನ ಒಳಗೆ ಬರುತ್ತೆ, ಮುಳ್ಳು ಅಷ್ಟು ಇಳಿಯುತ್ತೆ. ಬಳ್ಳಾರಿ ಬಿಸಿಲಲ್ಲಿ, ಮಾರ್ಚ್ ತಿಂಗಳಲ್ಲಿ, ಹೀಟರ್ ಹಾಕಿಕೊಂಡು ಓಡಿಸಿದೆವು. ಅದಕ್ಕೇ ನಲವತ್ತು ನಿಮಿಷಕ್ಕೊಮ್ಮೆ ಡ್ರೈವರ್ ಬದಲಿ. ಇಳಿದವನಿಗೆ ಉಪ್ಪು ಹಾಕಿದ ಮಜ್ಜಿಗೆ, ತಲೆ ಮೇಲೆ ಒದ್ದೆ ಟವೆಲ್.

ಓಟದ ದಿನ ನಸುಕಿನಲ್ಲೇ ಟ್ಯಾಂಕರ್ ನೀರು ಹೊಡೆದು ಧೂಳು ಕೂರಿಸಿದೆವು. ಆರೂವರೆಗೆ ನಾಲ್ಕೂ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿ ಹೊರಟೆವು. ಮೂರು ತಾಸು ಚೆನ್ನಾಗಿ ಹೋಯಿತು. ಪ್ರತಿ ಸಲ ನಿಂತಾಗ ಜಾಲರಿ ಬಿಚ್ಚಿ ಕೊಡವುತ್ತಿದ್ದೆವು. ಜೋಳದ ಒಣ ರವದಿ ಹಾಸಿಗೆಯಂಗೆ ಅಂಟಿರುತ್ತಿತ್ತು. ಜಾಲರಿ ಇಲ್ಲದಿದ್ದರೆ ಅದಷ್ಟೂ ರೇಡಿಯೇಟರಿಗೇ.

97ನೇ ಸುತ್ತು, ನನ್ನ ಪಾಳಿ. ನೇರ ದಾರಿಯಲ್ಲಿ ಮೂರನೇ ಗೇರಲ್ಲಿದ್ದೆ. ಎಕ್ಸಲೇಟರ್ ಪೆಡಲ್ ಒಮ್ಮೆಲೇ ಹಗುರಾಗಿ ನೆಲಕ್ಕೆ ಬಿತ್ತು. ಹಾಗೇ ಉರುಳಿಸಿಕೊಂಡು ಬದುವಿನ ಪಕ್ಕ ನಿಲ್ಲಿಸಿ ಕೈ ಎತ್ತಿದೆ. ಹುಡುಗರು ತಳ್ಳಿಕೊಂಡು ಬಂದರು. ರಿಪೇರಿ ನೋಡಿಕೊಳ್ಳುತ್ತಿದ್ದವರನ್ನ ನಾವೆಲ್ಲ ಅಣ್ಣ ಅಂತೀವಿ. ಹುಡುಗನೊಬ್ಬ ಅವರಿಗೆ ಹೇಳಿದ.

"ಅಣ್ಣಾ, ವೈರ್ ಕಟ್ಟಾಗೈತೆ."

"ಹೊಸಾದು ಐತೇನಪ್ಪಾ?"

ಇರಲಿಲ್ಲ. ಬೆಲ್ಟು, ಹೋಸು, ಪ್ಲಗ್ಗು ಎಲ್ಲ ತಂದಿದ್ದೆವು, ಅದೊಂದು ಬಿಟ್ಟು. ಅಣ್ಣ ಅಲ್ಲೇ ನಿಂತಿದ್ದ ಬೈಕ್ ಕಡೆ ನೋಡಿದರು. ಐದು ನಿಮಿಷಕ್ಕೆ ಅದರ ಕ್ಲಚ್ ವೈರ್ ಹೊರಗೆ. ಒಳಗಿನ ತಂತಿ ಮಾತ್ರ ಎಳೆದುಕೊಂಡು, ನಮ್ಮ ಹಳೇ ಕವರಿನೊಳಗೆ ಗ್ರೀಸ್ ಹಚ್ಚಿ ತೂರಿಸಿದರು. ಪೆಡಲ್ ಕಡೆ ತುದಿಯ ಗುಂಡು ಹೇಗೋ ಕೂತಿತು. ಕಾರ್ಬೊರೇಟರ್ ಕಡೆ ಹಿಡಿಯಲು ಏನೂ ಇಲ್ಲ. ಆಗ ಅವರು ಕರೆಂಟ್ ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್ ಒಡೆದರು. ಒಳಗಿನ ಹಿತ್ತಾಳೆ ತುಂಡನ್ನ ತಂತಿಗೆ ಪೋಣಿಸಿ ಎರಡೂ ಸ್ಕ್ರೂ ಬಿಗಿದರು. ಮುಗಿಯಿತು ಅಂತ ನಾನು ಸೀಟಿಗೆ ಹತ್ತಿದರೆ, "ತಡಿ" ಅಂದರು. ಇಂಜಿನ್ ಆಫ್ ಇಟ್ಟು ಹತ್ತು ಸಲ ಪೆಡಲ್ ಒತ್ತಿಸಿ, ಪ್ರತಿ ಸಲ ವಾಪಸ್ ಬರುತ್ತಾ ಅಂತ ಬಗ್ಗಿ ನೋಡಿದರು. ಒತ್ತಿದ್ದು ಹಾಗೇ ಸಿಕ್ಕಿಕೊಂಡರೆ ಕಾರು ನಿಲ್ಲಲ್ಲ. ಅವಸರದಲ್ಲಿ ನಾನಾಗಿದ್ದರೆ ಅದನ್ನ ನೋಡುತ್ತಿರಲಿಲ್ಲ.

ಒಟ್ಟು 31 ನಿಮಿಷ ಹೋಯಿತು. ನಮ್ಮ ವೇಗಕ್ಕೆ ಅದು ಹೆಚ್ಚು ಕಡಿಮೆ 16 ಸುತ್ತು. ಹನ್ನೆರಡೂವರೆಗೆ ಬಾವುಟ ಬಿದ್ದಾಗ ನಮ್ಮದು 148, ಗೆದ್ದವರದು 163. ಅವರದು ಒಂದು ಹಳೇ ಜೆನ್. ಸುತ್ತಿನ ಲೆಕ್ಕದಲ್ಲಿ ನಮಗಿಂತ ವೇಗವೇನಿರಲಿಲ್ಲ. ಪೆಟ್ರೋಲು, ಡ್ರೈವರ್ ಬದಲಿ ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ, ಅಷ್ಟೇ. ಲೆಮನ್ಸ್‌ನಲ್ಲಿ ಬಹುಮಾನದ ದುಡ್ಡನ್ನ ಐದು ಸೆಂಟಿನ ನಾಣ್ಯಗಳಲ್ಲಿ ಕೊಟ್ಟಿದ್ದಾರೆ. ನಾವೂ 2,000 ರೂಪಾಯಿಯನ್ನ ಒಂದೊಂದು ರೂಪಾಯಿ ನಾಣ್ಯ ಮಾಡಿ, ಚೀಲಕ್ಕೆ ತುಂಬಿ ಅವರ ಕೈಗಿಟ್ಟೆವು. ಆಮೇಲೆ ಎಲ್ಲರೂ ಬೇವಿನ ಮರದ ಕೆಳಗೆ ಕೂತು ಮಂಡಕ್ಕಿ ಮಿರ್ಚಿ ತಿಂದೆವು.

ಈಗ ಮಾರುತಿಗೆ ಹೊಸ ಎಕ್ಸಲೇಟರ್ ವೈರ್ ಹಾಕಿದ್ದೇವೆ. ಅದರ ಪಕ್ಕದಲ್ಲೇ ಇನ್ನೊಂದನ್ನ ಪೆಡಲಿಂದ ಕಾರ್ಬೊರೇಟರ್ ತನಕ ಎಳೆದು ಕಟ್ಟಿಟ್ಟಿದ್ದೇವೆ. ಮೊದಲನೆಯದು ಕಟ್ಟಾದರೆ ಎರಡು ತುದಿ ಸಿಕ್ಕಿಸಿದರೆ ಸಾಕು. ಮೊನ್ನೆ ಗಡಿಯಾರ ಹಿಡಿದು ಬದಲಾಯಿಸಿ ನೋಡಿದೆವು. ನಾಲ್ಕು ನಿಮಿಷ ಹಿಡಿಯಿತು.